ಚರ್ಮದ ಕೋಶಕ್ಕೆ ಜೀನ್ ಸೇರಿಸುವ ಕೆಲಸ: ನನ್ನ ಅನುಭವ

ಚರ್ಮದ ಕೋಶಗಳಲ್ಲಿ ಜೀನ್ ಬದಲಾಯಿಸುತ್ತೇನೆ ಅಂದರೆ ಎಲ್ಲರೂ ಜೀನ್ ಹೊತ್ತೊಯ್ಯುವ ವೈರಸ್ ಬಗ್ಗೆ ಕೇಳುತ್ತಾರೆ. ನನ್ನ ತಲೆನೋವು ಬೇರೆ. ಹೊರಚರ್ಮದ ಮುಖ್ಯ ಕೋಶಗಳಾದ ಕೆರಟಿನೊಸೈಟ್‌ಗಳು, ಕೋಶ ಬೆಳೆಸುವ ಪ್ಲೇಟಿನಲ್ಲಿ ಬೇಗ ಮುದಿಯಾಗುತ್ತವೆ. ಅಷ್ಟರೊಳಗೆ ಎಲ್ಲ ಮುಗಿಯಬೇಕು.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚರ್ಮದ ಚೂರು ದಾನಿಯ ಒಪ್ಪಿಗೆಯೊಂದಿಗೆ ಬರುತ್ತದೆ. ಕೊಬ್ಬು ಕತ್ತರಿಸಿ, ಡಿಸ್ಪೇಸ್ ಕಿಣ್ವದಲ್ಲಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಡುತ್ತೇನೆ. ಬೆಳಗ್ಗೆ ಚಿಮಟದಲ್ಲಿ ಹಿಡಿದರೆ ಹೊರಪದರ ಈರುಳ್ಳಿ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಬರದಿದ್ದರೆ ಎಳೆದಾಡುವುದಿಲ್ಲ, ಇನ್ನಷ್ಟು ಹೊತ್ತು ಬಿಡುತ್ತೇನೆ. ಒಳಚರ್ಮ ಅಂಟಿಕೊಂಡು ಬಂದರೆ ಅದರ ಫೈಬ್ರೊಬ್ಲಾಸ್ಟ್ ಕೋಶಗಳೂ ಬಂದು ಇಡೀ ಪ್ಲೇಟ್ ತುಂಬಿಕೊಳ್ಳುತ್ತವೆ. ಆಮೇಲೆ ಹೊರಪದರಕ್ಕೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಕೋಶಗಳನ್ನು ಬಿಡಿಸಬೇಕು.

ನಿಜವಾದ ಆಟ ಕ್ಯಾಲ್ಸಿಯಂನದು. ಕೋಶ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಅದು ಲೀಟರಿಗೆ 0.1 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಕೋಶಗಳು ವಿಭಜನೆಯಾಗುತ್ತಲೇ ಇರುತ್ತವೆ. 1 ದಾಟಿದರೆ ಒಂದಕ್ಕೊಂದು ಅಂಟಿಕೊಂಡು ಪದರ ಕಟ್ಟಲು ಹೊರಡುತ್ತವೆ. ಟ್ರಿಪ್ಸಿನ್ ತಡೆಯಲು ಹಾಕುವ ಸೀರಂನಲ್ಲೂ (ರಕ್ತದ ತಿಳಿದ್ರವ) ಕ್ಯಾಲ್ಸಿಯಂ ಇರುತ್ತದೆ ಅಲ್ವಾ? ಹಾಗಾಗಿ ಸೆಂಟ್ರಿಫ್ಯೂಜ್ ಮಾಡಿ ಅದನ್ನು ತೆಗೆದೇ ಹೊಸ ಪ್ಲೇಟಿಗೆ ಹಾಕುತ್ತೇನೆ. ಪ್ಲೇಟ್ ಶೇ. 70ರಷ್ಟು ತುಂಬುತ್ತಿದ್ದಂತೆ ಬೇರ್ಪಡಿಸಿಬಿಡಬೇಕು. ಪೂರ್ತಿ ತುಂಬಲು ಬಿಟ್ಟರೂ ಮುದಿತನ ಶುರು.

ಜೀನ್ ಹೊತ್ತ ಲೆಂಟಿವೈರಸ್ ಹಾಕುವುದು ಒಂದು ರಾತ್ರಿಯ ಮಾತು. ವೈರಸ್ ಕೋಶಕ್ಕೆ ಅಂಟಲು ನೆರವಾಗುವ ಪಾಲಿಬ್ರೀನ್ ಜೊತೆ ಹಾಕಿ, ಮರುದಿನ ಮೀಡಿಯಂ ಬದಲಾಯಿಸಿದರೆ ಆಯಿತು. ಕಷ್ಟ ಆಮೇಲೆ. ವೈರಸ್ ಜೊತೆಗೇ ಪ್ಯೂರೊಮೈಸಿನ್ ಎಂಬ ಔಷಧವನ್ನು ತಡೆದುಕೊಳ್ಳುವ ಜೀನ್ ಕೂಡ ಕೋಶಕ್ಕೆ ಹೋಗುತ್ತದೆ, ಹಾಗಾಗಿ ಆ ಔಷಧ ಕೊಟ್ಟಾಗ ಜೀನ್ ಸೇರದ ಕೋಶಗಳು ಸಾಯುತ್ತವೆ. ಉಳಿದ ನಾಲ್ಕು ಕೋಶಗಳೇ ಮತ್ತೆ ಪ್ಲೇಟ್ ತುಂಬಬೇಕು. ಅವುಗಳ ಆಯಸ್ಸು ಅಲ್ಲೇ ಕರಗುತ್ತದೆ. ವೈರಸ್ ಜಾಸ್ತಿ ಹಾಕಿದರೆ ಜಾಸ್ತಿ ಕೋಶ ಉಳಿಯುತ್ತವೆ, ನಿಜ. ಆದರೆ ಒಂದೊಂದು ಕೋಶಕ್ಕೂ ಹಲವು ಪ್ರತಿಗಳು ಸೇರಿ, ಬೇಡದ ಜಾಗದಲ್ಲಿ ಕೂರುವ ಅಪಾಯ ಹೆಚ್ಚುತ್ತದೆ. ನಾನು ಮಧ್ಯಮ ಪ್ರಮಾಣವನ್ನೇ ನೆಚ್ಚುತ್ತೇನೆ.

ಇಟಲಿಯ ಮಿಕೆಲೆ ಡಿ ಲುಕಾ ಅವರ ತಂಡ 2015ರಲ್ಲಿ ಜರ್ಮನಿಯಲ್ಲಿದ್ದ, ಜೀನ್ ದೋಷದಿಂದ ಚರ್ಮ ಕಳಚಿಹೋಗುತ್ತಿದ್ದ ಬಾಲಕನೊಬ್ಬನಿಗೆ ಸರಿಪಡಿಸಿದ ಲ್ಯಾಮ್‌ಬಿ3 ಜೀನ್ ಇರುವ ಚರ್ಮವನ್ನು ಮೈಯ ಶೇ. 80ರಷ್ಟು ಭಾಗಕ್ಕೆ ಹೊದಿಸಿತು. ಆ ಚರ್ಮವನ್ನು ಉಳಿಸಿಕೊಂಡು ಬಂದದ್ದು ಅದರಲ್ಲಿದ್ದ ಕೆಲವೇ ಕಾಂಡಕೋಶಗಳ, ಅಂದರೆ ಬಹುಕಾಲ ವಿಭಜನೆಯಾಗುತ್ತಾ ಹೊಸ ಚರ್ಮ ಕೊಡುವ ಮೂಲ ಕೋಶಗಳ, ಸಂತತಿ. ಬೆಳೆಸುವಾಗ ಆ ಕೆಲವನ್ನು ಕಳೆದುಕೊಂಡರೆ ಜೀನ್ ಎಷ್ಟು ಚೆನ್ನಾಗಿ ಸೇರಿದ್ದರೂ ಏನು ಪ್ರಯೋಜನ?

ಅದಕ್ಕೇ ವೈರಸ್ ಹಾಕುವ ಮೊದಲೇ ಅರ್ಧ ಕೋಶಗಳನ್ನು ಫ್ರೀಜ್ ಮಾಡಿಡುತ್ತೇನೆ. ಉಳಿದವನ್ನು ಕೊನೆಗೆ ಗಾಳಿಗೆ ಒಡ್ಡಿ ಬೆಳೆಸಿ, ಪದರ ಕಟ್ಟುತ್ತವಾ ನೋಡುತ್ತೇನೆ. ಕಟ್ಟದಿದ್ದರೆ ಆ ಬ್ಯಾಚ್ ಎಸೆದು, ಫ್ರೀಜರ್‌ನಿಂದ ಹೊಸ ಕೋಶ ತೆಗೆಯುತ್ತೇನೆ.