ಮೊದಲು ಕಟ್ಟಿ, ಆಮೇಲೆ ಕೆಡವಿ: ಫ್ಯಾಂಟಸಿ ಗೇಮ್‌ಗೆ ಯುದ್ಧದಲ್ಲಿ ಪಾಳುಬಿದ್ದ ಊರು

ಬಹಳಷ್ಟು ಫ್ಯಾಂಟಸಿ ಗೇಮ್‌ಗಳಲ್ಲಿ ಪಾಳುಕೋಟೆ ಅಂದರೆ ಬರೀ ಬೂದು ಬಣ್ಣ. ಸಿದ್ಧ ಮಾಡೆಲ್‌ಗಳು ಸಿಗುವ ಅಸೆಟ್ ಸ್ಟೋರ್‌ನಿಂದ ಮುರಿದ ಕಂಬ ತಂದು, ಮೇಲೆ ಪಾಚಿ ಬಳಿದು, ಮೂಲೆಗೆ ನಾಲ್ಕು ಅಸ್ಥಿಪಂಜರ ಒರಗಿಸಿದರೆ ಕೆಲಸ ಮುಗಿಯಿತು. ಆಟಗಾರ ಅದರತ್ತ ಕಣ್ಣೂ ಹಾಯಿಸುವುದಿಲ್ಲ, ನಿಧಿಪೆಟ್ಟಿಗೆ ಎಲ್ಲಿದೆ ಅಂತ ಹುಡುಕುತ್ತಾ ಓಡುತ್ತಾನೆ. ಪಾಳು ತಾನೇ ಕಥೆ ಹೇಳಬೇಕಾದರೆ ನಾಲ್ಕು ಪ್ರಶ್ನೆಗಳಿಗೆ ಅದರ ಮೈಯಲ್ಲೇ ಉತ್ತರ ಇರಬೇಕು: ಇಲ್ಲಿ ಮೊದಲು ಏನಿತ್ತು, ಯಾರು ಯಾವ ದಿಕ್ಕಿನಿಂದ ಒಡೆದರು, ಒಡೆದ ಮೇಲೆ ಏನೇನು ಹೊತ್ತೊಯ್ದರು, ಈಗ ಇಲ್ಲಿ ಯಾರಿದ್ದಾರೆ. ಮೈಸೂರು, ಮಂಡ್ಯದಲ್ಲಿ ಕೂತು ಗೇಮ್ ಮಾಡುವವರು ಇದಕ್ಕೆ ಮಾದರಿ ಹುಡುಕಿಕೊಂಡು ಯುರೋಪಿಗೆ ಹೋಗಬೇಕಿಲ್ಲ. ಮೈಸೂರಿನಿಂದ ಸುಮಾರು 15 ಕಿಲೋಮೀಟರ್ ಹೋದರೆ ಸಾಕು.

ಶ್ರೀರಂಗಪಟ್ಟಣವನ್ನು ಓದುವ ಬಗೆ

ಟಿಪ್ಪುವಿನ ಕೋಟೆಯ ವಾಯವ್ಯ ಮೂಲೆಗೆ ಹೋಗಿ ನಿಲ್ಲಿ. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಗೋಡೆ ಒಡೆದು ಒಳನುಗ್ಗಿದ್ದು ಇಲ್ಲಿಂದ. ಅದರ ನೆನಪಿಗೆ 1907ರಲ್ಲಿ ನಿಲ್ಲಿಸಿದ ಸ್ತಂಭವಿದೆ. ಎದುರಿಗೇ ಕಾವೇರಿ. ಬೇಸಿಗೆಯಾದ್ದರಿಂದ ಹೊಳೆಯನ್ನು ನಡೆದೇ ದಾಟಬಹುದಿತ್ತು. ಮುಂಗಾರು ಹಿಡಿದು ನೀರು ಏರಿದ್ದರೆ ದ್ವೀಪದ ಕೋಟೆಯನ್ನು ಮುಟ್ಟುವುದು ಕಷ್ಟವಿತ್ತು. ಹಾಗಾಗಿಯೇ ಅವರಿಗೆ ಅಷ್ಟು ಅವಸರ. ದಾಳಿ ಶುರುವಾದದ್ದು ಮಧ್ಯಾಹ್ನ ಒಂದರ ಸುಮಾರಿಗೆ, ಸುಡುಬಿಸಿಲಲ್ಲಿ. ಗೋಡೆಯ ಒಂದು ಒಡಕಿನಿಂದ ದಿಕ್ಕು, ಋತು, ಹೊತ್ತು ಮೂರೂ ಗೊತ್ತಾಗುತ್ತವೆ. ನಿಮ್ಮ ಆಟದ ಕೋಟೆಗೂ ಈ ಮೂರನ್ನು ಕಾಗದದ ಮೇಲೆ ಬರೆದುಕೊಳ್ಳದೆ ಬ್ಲೆಂಡರ್ (3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್) ತೆರೆಯಬೇಡಿ.

ಅಲ್ಲಿಂದ ಕರ್ನಲ್ ಬೇಲಿ ಸೆರೆಮನೆಗೆ ಇಳಿಯಿರಿ. ಚಾವಣಿಯನ್ನು ತೂತು ಮಾಡಿಕೊಂಡು ಬಿತ್ತೆನ್ನುವ ತೋಪೊಂದು ಒಳಗೇ ಉಳಿದಿದೆ. ಒಂದು ತೂತು, ಅದರ ಕೆಳಗೆ ಒಂದು ಭಾರದ ವಸ್ತು. ಯಾವ ಕಟ್‌ಸೀನೂ ಬೇಡ, ನೋಡಿದವರ ತಲೆಯಲ್ಲೇ ಆ ಕ್ಷಣ ನಡೆದುಹೋಗುತ್ತದೆ.

ಟಿಪ್ಪುವಿನ ಅರಮನೆ ಲಾಲ್ ಮಹಲ್ ಇದ್ದ ಜಾಗದಲ್ಲಿ ಈಗ ಇರುವುದು ಅಡಿಪಾಯ ಮಾತ್ರ. ಅದು ಬಿದ್ದದ್ದು ಮುತ್ತಿಗೆಯಲ್ಲಲ್ಲ, ಆಮೇಲೆ ಕೆಡವಿದ್ದು. ಅದರ ತೊಲೆಗಳು ಘಾಟಿ ಹತ್ತಿ ಊಟಿಗೆ ಹೋಗಿ, 1830ರ ಸುಮಾರಿಗೆ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಸೇರಿದವು. ಗೇಮ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಸಿಗಲಾರದು. ಎರಡನೇ ಲೆವೆಲ್‌ನಲ್ಲಿ ತೊಲೆ ಕಿತ್ತುಹೋದ ಖಾಲಿ ಗೂಡುಗಳನ್ನು ತೋರಿಸಿ. ಆರನೇ ಲೆವೆಲ್‌ನಲ್ಲಿ, ಗೆದ್ದವರ ಬೆಟ್ಟದೂರಿನ ಪ್ರಾರ್ಥನಾಮಂದಿರದಲ್ಲಿ, ಅದೇ ಅಳತೆಯ, ಅದೇ ಕೆತ್ತನೆಯ ತೊಲೆ ತಲೆಯ ಮೇಲೆ ಕಾಣಲಿ. ಯಾರೂ ಏನೂ ಹೇಳಬಾರದು. ಗುರುತು ಹಿಡಿದ ಆಟಗಾರ ತಾನೇ ಕಂಡುಹಿಡಿದೆ ಅಂದುಕೊಳ್ಳುತ್ತಾನೆ.

ಹಾಗೆಯೇ ಒಡೆಯದೆ ಉಳಿದದ್ದನ್ನೂ ನೋಡಿ. ಅರಮನೆ ಹೋಯಿತು, ರಂಗನಾಥನ ಗುಡಿಯೂ ಜುಮ್ಮಾ ಮಸೀದಿಯ ಎರಡು ಮಿನಾರುಗಳೂ ನಿಂತಿವೆ. 1780ರ ಪೊಲ್ಲಿಲೂರು ಕದನದಲ್ಲಿ ಮೈಸೂರು ಬ್ರಿಟಿಷರನ್ನು ಗೆದ್ದ ಚಿತ್ರ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಗೋಡೆಯ ಮೇಲೆ ಈಗಲೂ ಇದೆ. ಕೊನೆಗೆ ಸೋತವನ ಮನೆಯಲ್ಲಿ ಅವನ ಹಳೆಯ ಗೆಲುವು. ಎಲ್ಲವನ್ನೂ ಸಮನಾಗಿ ಒಡೆದ ಊರು ಭೂಕಂಪದ ಊರಿನಂತೆ ಕಾಣುತ್ತದೆ, ಯುದ್ಧದ ಊರಿನಂತಲ್ಲ. ಯುದ್ಧ ಆರಿಸಿ ಒಡೆಯುತ್ತದೆ.

ಕಟ್ಟುವ ಕ್ರಮ

ಮೊದಲ ಪ್ರಯತ್ನಕ್ಕೆ ಇಡೀ ನಗರ ಬೇಡ. ಒಂದು ಬಾಗಿಲು, 20 ಮೀಟರ್ ಕೋಟೆಗೋಡೆ, ಒಂದು ಅಂಗಳ, ಎರಡು ಕೋಣೆ ಸಾಕು. ಅದನ್ನು ಪೂರ್ತಿಯಾಗಿ, ಸುಸ್ಥಿತಿಯಲ್ಲಿ ಕಟ್ಟಿ. 4 ಮೀಟರ್ ಗ್ರಿಡ್ ಇಟ್ಟುಕೊಂಡರೆ ಗೋಡೆ, ಮೂಲೆ, ಬಾಗಿಲು, ಕಂಬ, ಮೆಟ್ಟಿಲು, ಚಾವಣಿ ಸೇರಿ 10ರಿಂದ 12 ತುಣುಕುಗಳಲ್ಲಿ ಮುಗಿಯುತ್ತದೆ. ಅಡುಗೆಮನೆ ಎಲ್ಲಿ, ನೀರು ಎಲ್ಲಿಂದ, ಕಾವಲಿನವನು ಎಲ್ಲಿ ಮಲಗುತ್ತಿದ್ದ, ಎಲ್ಲ ತೀರ್ಮಾನವಾಗಲಿ. ಈ ಫೈಲನ್ನು 'ಮೊದಲು' ಎಂದು ಉಳಿಸಿ. ಅದರ ನಕಲು ತೆಗೆದು 'ಆ ದಿನ', ಅದರದ್ದೊಂದು ನಕಲು ತೆಗೆದು 'ಈಗ'. ನೇರವಾಗಿ ಮುರಿದದ್ದನ್ನೇ ಮಾಡೆಲ್ ಮಾಡಲು ಹೊರಟವರು ಯಾವಾಗಲೂ ಒಂದೇ ಕಡೆ ಎಡವುತ್ತಾರೆ: ಮೇಲಂತಸ್ತಿಗೆ ಹೋಗುವ ಮೆಟ್ಟಿಲೇ ಇರುವುದಿಲ್ಲ.

'ಆ ದಿನ'ದ ಫೈಲಿನಲ್ಲಿ ಶತ್ರುವಿನ ತೋಪು ಅಥವಾ ಮಂತ್ರವಾದಿ ನಿಂತ ಜಾಗದಲ್ಲಿ ಒಂದು ಗುರುತು ಇಡಿ. ಅಲ್ಲಿಂದ ಗೋಡೆಗೆ ಗೆರೆ ಎಳೆಯಿರಿ. ಗೆರೆ ತಾಗಿದಲ್ಲಿ ಮಾತ್ರ ಪೆಟ್ಟು. ಗೋಡೆಯ ಮರೆಯಲ್ಲಿದ್ದ ಕೋಣೆಗೆ ಪೆಟ್ಟಿಲ್ಲ. 24 ಪೌಂಡ್ ತೋಪಿನ ಗುಂಡು ಸುಮಾರು 14 ಸೆಂಟಿಮೀಟರ್ ಅಡ್ಡಳತೆಯದು, ಹಾಗಾಗಿ ಗುಂಡಿನ ಗುರುತಿಗೆ ಗೋಡೆಯ ಮೇಲೆ ಅಂಟಿಸುವ ಚಿತ್ರ (ಡೀಕಲ್) ಬಕೆಟ್ ಗಾತ್ರ ಇದ್ದರೆ ಸುಳ್ಳು ಅಂತ ಕಣ್ಣಿಗೆ ಹೊಡೆಯುತ್ತದೆ. ಒಡಕು ಮಾಡುವ ತೋಪುಗಳು ಗೋಡೆಯ ಕೆಳಭಾಗಕ್ಕೇ ಹೊಡೆಯುತ್ತವೆ. ಬುಡ ಹೋದ ಗೋಡೆ ಹೊರಕ್ಕೆ ಜಾರಿ ಕಂದಕ ತುಂಬಿ ಇಳಿಜಾರಾಗುತ್ತದೆ, ಸೈನಿಕರು ಅದನ್ನೇ ಹತ್ತುತ್ತಾರೆ. ಕಲ್ಲುರಾಶಿಯನ್ನೆಲ್ಲ ಒಳಗೆ ಸುರಿದು ಹೊರಗೆ ನೆಲ ಚೊಕ್ಕಟವಾಗಿಟ್ಟರೆ ಕೋಟೆಯನ್ನು ಒಳಗಿನವರೇ ಒಡೆದಂತೆ ಕಾಣುತ್ತದೆ. ಅದು ನಿಮ್ಮ ಕಥೆಯಾಗಿದ್ದರೆ ಸರಿ.

ಈಗ ಲೆಕ್ಕ. 4 ಮೀಟರ್ ಅಗಲ, 5 ಮೀಟರ್ ಎತ್ತರ, 1.5 ಮೀಟರ್ ದಪ್ಪದ ಗೋಡೆ ಬಿತ್ತು ಅನ್ನಿ. ಅದು 30 ಘನಮೀಟರ್. ಬಿದ್ದ ಕಲ್ಲಿನ ನಡುವೆ ಸಂದು ಇರುವುದರಿಂದ ರಾಶಿ ಸುಮಾರು ಒಂದೂವರೆ ಪಟ್ಟು, ಅಂದರೆ 45 ಘನಮೀಟರ್ ಆಗುತ್ತದೆ. ಅದು 6 ಮೀಟರ್ ಅಗಲಕ್ಕೆ ಹರಡಿ 35 ಡಿಗ್ರಿ ಇಳಿಜಾರಿನಲ್ಲಿ ನಿಂತರೆ ಎತ್ತರ ಸುಮಾರು 3.2 ಮೀಟರ್, ಮುಂದಕ್ಕೆ ಚಾಚುವುದು ಸುಮಾರು 4.6 ಮೀಟರ್. ಹೆಚ್ಚಿನ ಗೇಮ್‌ಗಳಲ್ಲಿ ಇಷ್ಟು ದೊಡ್ಡ ಗೋಡೆ ಬಿದ್ದಲ್ಲಿ ಮೂರು ಕಲ್ಲು ಕಾಣುತ್ತವೆ. ಉಳಿದವು ಎಲ್ಲಿ? ಊರವರು ಹೊತ್ತೊಯ್ದಿದ್ದರೆ ಪಕ್ಕದ ಹಳ್ಳಿಯ ದನದ ಕೊಟ್ಟಿಗೆಯ ಗೋಡೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಬಟ್ಟೆ ಒಗೆಯುವ ಚಪ್ಪಡಿಯಲ್ಲಿ ಅದೇ ಕಲ್ಲನ್ನು ತೋರಿಸಿ. ಕೆತ್ತನೆಯ ಮುಖ ತಲೆಕೆಳಗಾಗಿರಲಿ. ಕಟ್ಟಿದವರಿಗೆ ಬೇಕಾಗಿದ್ದು ಕಲ್ಲಷ್ಟೆ.

ಬೀಳುವ ಕ್ರಮವೂ ಮುಖ್ಯ. ಮರದ ತೊಲೆ ಸುಟ್ಟು ಚಾವಣಿ ಮೊದಲು ಬೀಳುತ್ತದೆ, ಆಮೇಲೆ ಗೋಡೆಯ ತಲೆ, ಆಮೇಲೆ ಉದ್ದಗೋಡೆಯ ನಡುಭಾಗ. ಎರಡು ಗೋಡೆ ಒಂದಕ್ಕೊಂದು ಆತುಕೊಂಡ ಮೂಲೆ ಕೊನೆಗೆ. ಮೂಲೆ ಬಿದ್ದು ನಡುಗೋಡೆ ನಿಂತಿದ್ದರೆ ಅದಕ್ಕೆ ಕಾರಣ ಬೇಕು. ಇನ್ನೊಂದು: ಮುರಿದದ್ದು ಬೇರೆ, ಮುಗಿಯದ್ದು ಬೇರೆ. ಕಟ್ಟಿ ಮುಗಿಸದೆ ಬಿಟ್ಟ ಮೇಲುಕೋಟೆಯ ರಾಯಗೋಪುರ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಬ್ಲೆಂಡರ್‌ನಲ್ಲಿ ಮಾಡೆಲನ್ನು ತಾನೇ ಚೂರು ಮಾಡುವ ಸೆಲ್ ಫ್ರ್ಯಾಕ್ಚರ್ ಒತ್ತಿ ಕೈತೊಳೆದುಕೊಂಡರೆ ಗೋಡೆ ಒಡೆದ ಗಾಜಿನಂತಾಗುತ್ತದೆ. ಕಲ್ಲುಕಟ್ಟಡ ಒಡೆಯುವುದು ಕಲ್ಲಿನ ಸಂದಿಯ ಗುಂಟ, ಮೆಟ್ಟಿಲು ಮೆಟ್ಟಿಲಾಗಿ. ಅಂಚುಗಳನ್ನು ಕೈಯಾರೆ ಕತ್ತರಿಸಿ. 8 ಮುರಿದ ಗೋಡೆ, 5 ರಾಶಿ, 6 ಬಿಡಿಕಲ್ಲು ಮಾಡಿಕೊಂಡರೆ ತಿರುಗಿಸಿ, 0.8ರಿಂದ 1.2 ಪಟ್ಟು ಹಿಗ್ಗಿಸಿ ಕುಗ್ಗಿಸಿ ಇಡೀ ಲೆವೆಲ್ ತುಂಬಬಹುದು.

ಮಂತ್ರಕ್ಕೂ ಒಂದು ನಿಯಮ ಬೇಕು. ಮಂತ್ರದ ಬೆಂಕಿ ಅಂದರೆ ಗೋಡೆಗೆ ಮಸಿ ಬಳಿಯುವುದಲ್ಲ. ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ರಾನೈಟಿನೊಳಗಿನ ಕ್ವಾರ್ಟ್ಜ್ ಹರಳು ರೂಪ ಬದಲಿಸಿ ಹಿಗ್ಗುತ್ತದೆ, ಕಲ್ಲು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಸುಣ್ಣದ ಗಾರೆ ಪುಡಿಯಾಗುತ್ತದೆ. ನಿಮ್ಮ ಲೋಕದಲ್ಲಿ ಎರಡು ಪಕ್ಷಗಳಿದ್ದರೆ ಒಬ್ಬೊಬ್ಬರ ಪೆಟ್ಟಿಗೂ ಬೇರೆ ಬೇರೆ ಗುರುತು ಕೊಡಿ: ಒಬ್ಬರದು ಚಕ್ಕೆ ಎದ್ದ ಕಲ್ಲು, ಇನ್ನೊಬ್ಬರದು ಬುಡದಲ್ಲಿ ಕೊರೆದ ತೂತು. ಐದನೇ ಲೆವೆಲ್ಲಿಗೆ ಬರುವಷ್ಟರಲ್ಲಿ ಆಟಗಾರ ಗೋಡೆ ನೋಡಿಯೇ ಯಾರು ಬಂದಿದ್ದರು ಅಂತ ಹೇಳಬೇಕು. ಆಗ ಒಮ್ಮೆ, ಮಿತ್ರರ ಗುರುತನ್ನು ಹಳ್ಳಿಯ ಗುಡಿಯ ಮೇಲೆ ತೋರಿಸಿ.

ಕಾಲ ಎಷ್ಟಾಯಿತು ಅನ್ನುವುದನ್ನು ಗಿಡ ಹೇಳಲಿ. ಒಂದೆರಡು ಮಳೆ ಕಂಡ ಜಾಗಕ್ಕೆ ಹುಲ್ಲು, ಉತ್ತರಾಣಿ, ಎಕ್ಕ. ಹಕ್ಕಿ ಉದುರಿಸಿದ ಬೀಜದಿಂದ ಗೋಡೆಸಂದಿಯಲ್ಲಿ ಮೊಳೆತ ಅರಳಿಸಸಿ ಇದ್ದರೆ ಕೆಲವು ವರ್ಷ. ಅರಳಿಯ ಬೇರೇ ಗೋಡೆಯನ್ನು ಹಿಡಿದು ನಿಲ್ಲಿಸಿದ್ದರೆ ತಲೆಮಾರುಗಳು. ನೂರು ವರ್ಷದ ಪಾಳಿನಲ್ಲಿ ಪಂಜು ಉರಿಯುತ್ತಿದ್ದರೆ, ತಟ್ಟೆಯಲ್ಲಿ ಹಣ್ಣು ಇದ್ದರೆ, ಯಾರು ಹಚ್ಚಿದರು, ಯಾರು ಇಟ್ಟರು ಅನ್ನುವುದಕ್ಕೆ ಉತ್ತರ ಸಿದ್ಧವಿರಲಿ. ಬೆಳಕು ಬೇಕೆಂದರೆ ಒಡಕಿನಿಂದಲೇ ಬರಲಿ. ಬಿಸಿಲ ಕೋಲು ಬಿದ್ದಲ್ಲಿಗೆ ಆಟಗಾರನ ಕಾಲು ತಾನೇ ಹೋಗುತ್ತದೆ.

ಇಲ್ಲಿ ಕೈಕೊಡುವುದು ಕೊಲಿಶನ್, ಅಂದರೆ ಪಾತ್ರಕ್ಕೆ ಗೋಡೆ, ಕಲ್ಲು ತಾಗುವ ಲೆಕ್ಕ. ಅನ್‌ರಿಯಲ್ ಗೇಮ್ ಎಂಜಿನ್‌ನಲ್ಲಿ ಪಾತ್ರ ತಾನಾಗಿ ಹತ್ತುವ ಮೆಟ್ಟಿಲೆತ್ತರ, ನೀವು ಬದಲಿಸದಿದ್ದರೆ, 45 ಸೆಂಟಿಮೀಟರ್, ಯೂನಿಟಿಯ ಕ್ಯಾರೆಕ್ಟರ್ ಕಂಟ್ರೋಲರ್‌ನಲ್ಲಿ 30. ಗೋಡೊ ಎಂಜಿನ್‌ನ ಕ್ಯಾರೆಕ್ಟರ್‌ಬಾಡಿ3ಡಿಗೆ ಮೆಟ್ಟಿಲು ಹತ್ತುವ ಸೌಲಭ್ಯವೇ ಇಲ್ಲ, ನೀವೇ ಬರೆಯಬೇಕು. ಕಲ್ಲುರಾಶಿಯ ಪ್ರತಿ ಕಲ್ಲಿಗೂ ಕೊಲಿಶನ್ ಕೊಟ್ಟರೆ ಆಟಗಾರ ಸಂದಿಯಲ್ಲಿ ಸಿಕ್ಕಿ ನಡುಗುತ್ತಾನೆ, ಶತ್ರುಗಳು ನಡೆಯಬಹುದಾದ ಜಾಗದ ನಕ್ಷೆ (ನ್ಯಾವ್‌ಮೆಶ್) ತೂತು ತೂತಾಗುತ್ತದೆ. ರಾಶಿಯ ಮೇಲೆ ಕಣ್ಣಿಗೆ ಕಾಣದ ಒಂದೇ ನಯವಾದ ಇಳಿಜಾರು ಹೊದಿಸಿ, 45 ಡಿಗ್ರಿ ದಾಟದಂತೆ. ನೋಟಕ್ಕೆ ಕಲ್ಲು, ಕಾಲಿಗೆ ಹಲಗೆ. ಹತ್ತಬಾರದ ರಾಶಿಯನ್ನು 60 ಡಿಗ್ರಿಗೆ ಏರಿಸಿಬಿಡಿ; ಹತ್ತಬಹುದೇನೋ ಅನ್ನಿಸುವ ರಾಶಿ ಆಟಗಾರನಿಗೆ ಮಾಡುವ ಮೋಸ.

ಜನರನ್ನು ತುಂಬುವುದು

ಶ್ರೀರಂಗಪಟ್ಟಣದ ಕೋಟೆಯೊಳಗೆ ಊರು ನಡೆಯುತ್ತಿದೆ. ಪಾಳು ಅಂದರೆ ನಿರ್ಜನ ಅನ್ನುವುದು ಸೋಮಾರಿತನದ ಕಲ್ಪನೆ. ತೋಪಿನ ಕಿಂಡಿಯಲ್ಲಿ ಒಣಹಾಕಿದ ಸೀರೆ, ಕಂದಕದಲ್ಲಿ ಮೇಯುವ ಎಮ್ಮೆ, ಬುರುಜಿನ ನೆರಳಲ್ಲಿ ಎಳನೀರು ಮಾರುವವನು ಇದ್ದರೆ ನಷ್ಟದ ಆಳ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಅವರ ಬಾಯಿಗೆ ಇತಿಹಾಸದ ಪಾಠ ಹಾಕಬೇಡಿ, ಹೆಸರು ಹಾಕಿ. ಇವತ್ತಿನ ಪಾಂಡವಪುರ ಮೊದಲು ಹಿರೋಡೆ. ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಆಯಿತು, ಆಮೇಲೆ ಪಾಂಡವಪುರ. ನಿಮ್ಮ ಊರಿಗೂ ಮೂರು ಹೆಸರು ಕೊಡಿ. ಮುದುಕಿ ಒಂದನ್ನು, ಸೈನಿಕ ಇನ್ನೊಂದನ್ನು, ನಕಾಶೆ ಮೂರನೆಯದನ್ನು ಹೇಳಲಿ. ಯಾರು ಯಾವ ಹೆಸರು ಬಳಸುತ್ತಾರೆ ಅನ್ನುವುದರಲ್ಲೇ ಪಕ್ಷ ಗೊತ್ತಾಗುತ್ತದೆ.

ನೆನಪು ಪಂಚಾಂಗದಲ್ಲೂ ಉಳಿಯುತ್ತದೆ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಸಮಾಧಿ ಗುಂಬಜ್‌ನಲ್ಲಿ ಅವನ ಉರುಸ್ ನಡೆಯುವ ಇದೇ ಜಿಲ್ಲೆಯಲ್ಲಿ, ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ಟಿಪ್ಪುವಿನ ಕಾಲದಲ್ಲಿ ಸತ್ತ ತಮ್ಮವರ ನೆನಪಿಗೆಂದು ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ. ಸತ್ತ ರಾಜನ ಬಗ್ಗೆ ನಿಮ್ಮ ಪಾತ್ರಗಳು ಒಪ್ಪಬೇಕಾಗಿಲ್ಲ. ಒಂದು ಬೀದಿಯಲ್ಲಿ ದೀಪ, ಪಕ್ಕದ ಬೀದಿಯಲ್ಲಿ ಕತ್ತಲೆ ಇಟ್ಟು ಆಟಗಾರನನ್ನು ನಡುವೆ ನಡೆಸಿ.

ಓದಿಸಲೇಬೇಕಾದ ವಿಷಯವಿದ್ದರೆ ಚರ್ಮದ ಡೈರಿ ಬೇಡ, ವೀರಗಲ್ಲು ಬಳಸಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದು, ಹತ್ತನೇ ಶತಮಾನದ ನಡುಭಾಗದ್ದು. ರಾಷ್ಟ್ರಕೂಟರೂ ಚೋಳರೂ ತಕ್ಕೋಲದಲ್ಲಿ ಕಾದಾಡಿದ್ದು ಅದರಲ್ಲಿದೆ. ಆದರೆ ಕಲ್ಲು ನಿಂತದ್ದು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ. ನಿಮ್ಮ ಪ್ರತಿ ಫಲಕದಲ್ಲೂ ರಾಜ್ಯದ ಸುದ್ದಿಗೆ ಒಂದು ಸಾಲು, ಮನೆಯ ದುಃಖಕ್ಕೆ ಮೂರು ಸಾಲು ಕೊಡಿ.

ಪರೀಕ್ಷೆ

ಸ್ಥಳಕ್ಕೆ ಹೋಗುವಾಗ ಟೇಪು, ಅಳತೆಗೆ ಫೋಟೊದಲ್ಲಿಡಲು ಒಂದು ಸ್ಕೇಲು, ಮೊಬೈಲು ಸಾಕು. ಟ್ರೈಪಾಡ್, ಡ್ರೋನ್‌ಗೆ ಮೊದಲೇ ಅನುಮತಿ ಬೇಕು. ಫೋಟೊಗಳಿಂದ 3ಡಿ ಮಾಡುವುದಿದ್ದರೆ ಮೋಡದ ದಿನ ನೋಡಿ, ಒಂದು ಫೋಟೊದ ಮೂರನೇ ಎರಡು ಭಾಗ ಮುಂದಿನದರಲ್ಲೂ ಬರುವಂತೆ ತೆಗೆಯಿರಿ. ಬಿಸಿಲಲ್ಲಿ ತೆಗೆದರೆ ನೆರಳು ಮಾಡೆಲ್ ಮೇಲೆ ಹೊದಿಸುವ ಚಿತ್ರಕ್ಕೇ (ಟೆಕ್ಸ್ಚರ್) ಅಂಟಿ, ರಾತ್ರಿಯ ದೃಶ್ಯದಲ್ಲೂ ಮಧ್ಯಾಹ್ನದ ನೆರಳು ಉಳಿಯುತ್ತದೆ.

ಲೆವೆಲ್ ಸಿದ್ಧವಾದ ಮೇಲೆ ಸಂಭಾಷಣೆ, ಫಲಕ, ಸಂಗೀತ ಎಲ್ಲ ಆಫ್ ಮಾಡಿ. ಕಥೆ ಗೊತ್ತಿಲ್ಲದ ಐದು ಮಂದಿಯನ್ನು ಹತ್ತು ನಿಮಿಷ ಒಳಗೆ ಓಡಾಡಲು ಬಿಡಿ, ಪಕ್ಕದಲ್ಲಿ ಕೂತು ವಿವರಿಸುವ ಚಪಲ ಬೇಡ. ಆಮೇಲೆ ಕಾಗದ ಕೊಟ್ಟು ಕೋಟೆಯ ನಕಾಶೆ ಬರೆಸಿ, ಶತ್ರು ಬಂದ ಕಡೆ ಬಾಣ ಹಾಕಿ ಅನ್ನಿ. ಬಾಣಗಳು ದಿಕ್ಕಾಪಾಲಾದರೆ ಹೊಸ ಫಲಕ ಬರೆಯಲು ಕೂರಬೇಡಿ. 'ಆ ದಿನ'ದ ಫೈಲ್ ತೆರೆದು, ಗೆರೆ ತಾಗದ ಗೋಡೆಗಳಿಗೆ ಸುಮ್ಮನೆ ಕೊಟ್ಟಿದ್ದ ಪೆಟ್ಟುಗಳನ್ನೆಲ್ಲ ಅಳಿಸಿ, ಮತ್ತೆ ಐದು ಮಂದಿಯನ್ನು ಕರೆಯಿರಿ.