3.47ರ ಬೆನ್ನು ಹತ್ತಿ

ಅಚ್ಚಿಗೆ ಮೊದಲು ಪರಿಶೀಲಿಸಿ ಕೊಡಿ ಎಂದು ಸಂಶೋಧನಾ ಪತ್ರಿಕೆಯಿಂದ ಪ್ರಬಂಧವೊಂದರ ಹಸ್ತಪ್ರತಿ ಬಂದರೆ ಮೊದಲೆಲ್ಲ ಪೀಠಿಕೆಯಿಂದಲೇ ಓದಲು ಕೂರುತ್ತಿದ್ದೆ. ಈಗ ಕೋಷ್ಟಕಗಳಿಂದ ಶುರು. ಪೀಠಿಕೆಯ ಬರವಣಿಗೆ ಸೊಗಸಾಗಿದ್ದರೆ ಮನಸ್ಸು ಆಗಲೇ ಲೇಖಕರ ಕಡೆ ವಾಲಿರುತ್ತದೆ, ಆಮೇಲೆ ಅಂಕಿಗಳ ಮೇಲೆ ಕಣ್ಣು ನಿಲ್ಲುವುದಿಲ್ಲ.

ಈಚೆಗೆ ಬಂದದ್ದು ಒಂದು ಪ್ರಶ್ನಾವಳಿ ಸಮೀಕ್ಷೆ. ಲೇಖಕರಲ್ಲೊಬ್ಬರ ಜತೆ ನಾನು ಹಿಂದೊಮ್ಮೆ ಪ್ರಬಂಧ ಬರೆದಿದ್ದೆ. ಒಪ್ಪಿಕೊಳ್ಳುವ ಮೊದಲೇ ಅದನ್ನು ಸಂಪಾದಕರಿಗೆ ತಿಳಿಸಿದೆ, ಅಡ್ಡಿಯಿಲ್ಲ ಎಂದರು.

ಭಾಗವಹಿಸಿದವರು 28 ಮಂದಿ. ಪ್ರತಿ ಪ್ರಶ್ನೆಗೆ 1ರಿಂದ 5ರೊಳಗೆ ಒಂದು ಪೂರ್ಣಾಂಕ ಕೊಡಬೇಕು. ಒಂದು ಪ್ರಶ್ನೆಯ ಸರಾಸರಿ 3.47 ಎಂದಿತ್ತು. ಕ್ಯಾಲ್ಕುಲೇಟರ್ ತೆಗೆದೆ. ಒಟ್ಟು ಅಂಕ 97 ಆದರೆ ಸರಾಸರಿ 3.46, 98 ಆದರೆ 3.50. ಇವೆರಡರ ನಡುವೆ ಬೇರೆ ಪೂರ್ಣಾಂಕವೇ ಇಲ್ಲ. ಹಾಗಾದರೆ 3.47 ಬಂದದ್ದೆಲ್ಲಿಂದ? ಕೆಳಗಿನ ಸಾಲುಗಳ 2.83 ಮತ್ತು 4.13 ಕೂಡ 28 ಮಂದಿಯಿಂದ ಹುಟ್ಟಲಾರದ ಸಂಖ್ಯೆಗಳೇ. ಸಂಶೋಧಕರಾದ ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ 2016ರಲ್ಲಿ ಹೇಳಿಕೊಟ್ಟ ಈ ಲೆಕ್ಕಕ್ಕೆ ಗ್ರಿಮ್ ಪರೀಕ್ಷೆ ಎಂದು ಹೆಸರು. ಎರಡು ದಶಮಾಂಶದ ಸರಾಸರಿಯಾದರೆ ನೂರಕ್ಕಿಂತ ಕಡಿಮೆ ಜನರಿರುವ ಅಧ್ಯಯನಗಳಲ್ಲಷ್ಟೇ ಇದು ಕೆಲಸಕ್ಕೆ ಬರುತ್ತದೆ.

ಕಳ್ಳ ಸಿಕ್ಕಿಬಿದ್ದ ಎಂಬ ಖುಷಿ ನನಗಾಯಿತು, ಸುಳ್ಳೇಕೆ ಹೇಳಲಿ. ‘ಈ ದತ್ತಾಂಶ ನಂಬಲರ್ಹವಲ್ಲ’ ಎಂದು ವರದಿಯಲ್ಲಿ ಬರೆದೂಬಿಟ್ಟೆ. ಕಳುಹಿಸದೆ ರಾತ್ರಿ ಹಾಗೇ ಇಟ್ಟದ್ದು ಒಳ್ಳೆಯದಾಯಿತು. ಪ್ರಕಟಣಾ ನೀತಿಗಾಗಿಯೇ 1997ರಲ್ಲಿ ಹುಟ್ಟಿದ ಕೋಪ್ ಸಂಸ್ಥೆ ಪರಿಶೀಲಕರಿಗೆ ಹೇಳುವುದು ಇಷ್ಟು: ಅನುಮಾನ ಬಂದರೆ ಸಂಪಾದಕರಿಗೆ ಗುಟ್ಟಾಗಿ ತಿಳಿಸಿ, ನೀವೇ ತನಿಖೆಗೆ ಇಳಿಯಬೇಡಿ. ಬೆಳಿಗ್ಗೆ ಆ ಸಾಲು ಅಳಿಸಿದೆ. ಲೇಖಕರಿಗೆ, ‘28 ಮಂದಿಯಿದ್ದರೆ ಈ ಮೂರು ಸರಾಸರಿಗಳು ಹೊಂದುತ್ತಿಲ್ಲ, ಮೂಲ ದತ್ತಾಂಶ ಒದಗಿಸಬಹುದೇ?’ ಎಂದು ಬರೆದೆ. ಸಂಪಾದಕರಿಗೆ ಮಾತ್ರ ಕಾಣುವ ಅಂಕಣದಲ್ಲಿ ಲೆಕ್ಕವನ್ನು ಬಿಡಿಸಿ ತೋರಿಸಿದೆ.

ಈ ನಡುವೆ ಸಂಖ್ಯಾಶಾಸ್ತ್ರ ಬಲ್ಲ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ತೋರಿಸಬೇಕು ಅನ್ನಿಸಿತ್ತು. ಅಚ್ಚಾಗದ ಹಸ್ತಪ್ರತಿ ನನ್ನ ಸ್ವತ್ತಲ್ಲ. ಸಂಪಾದಕರ ಅನುಮತಿ ಕೇಳಿ, ಅವಳ ಹೆಸರನ್ನೂ ತಿಳಿಸಿದ ಮೇಲೆಯೇ ತೋರಿಸಿದೆ. ‘ಎಐಗೆ ಹಾಕಿದರೆ ಕ್ಷಣದಲ್ಲಿ ಸಾರಾಂಶ ಕೊಡುತ್ತದಲ್ಲ’ ಎಂದ ಸಹೋದ್ಯೋಗಿಗೂ ಇದೇ ಉತ್ತರ. ಪರರ ಹಸ್ತಪ್ರತಿಯನ್ನು ಗೊತ್ತಿಲ್ಲದ ಸರ್ವರಿಗೆ ಏರಿಸುವ ಹಕ್ಕು ನನಗಿಲ್ಲ.

ವರದಿಯ ಕೊನೆಗೆ ನನ್ನದೇ ಎರಡು ಪ್ರಬಂಧಗಳನ್ನು ‘ಗಮನಿಸಬಹುದು’ ಎಂದು ಸೇರಿಸಿದ್ದೆ. ಒಂದು ನಿಜಕ್ಕೂ ವಿಷಯಕ್ಕೆ ಸಂಬಂಧಿಸಿದ್ದು, ಇನ್ನೊಂದು ಬರೀ ಆಸೆ. ಎರಡನ್ನೂ ತೆಗೆದೆ. ಹಿಂದೊಮ್ಮೆ ಯಾರೋ ಅನಾಮಧೇಯ ಪರಿಶೀಲಕರು ತಮ್ಮ ನಾಲ್ಕು ಲೇಖನಗಳನ್ನು ನನ್ನಿಂದ ಬಲವಂತವಾಗಿ ಉಲ್ಲೇಖಿಸಿಕೊಂಡದ್ದು ಇನ್ನೂ ಮರೆತಿಲ್ಲ.

ಎರಡು ತಿಂಗಳ ಮೇಲೆ ಉತ್ತರ ಬಂತು, ದತ್ತಾಂಶದ ಕಡತವೂ ಜತೆಗಿತ್ತು. ಮೊದಲು 30 ಮಂದಿ ಇದ್ದರಂತೆ. ಇಬ್ಬರನ್ನು ಕೈಬಿಟ್ಟಾಗ ಬರಹದಲ್ಲಿ ಸಂಖ್ಯೆ ತಿದ್ದಿದ್ದಾರೆ, ಕೋಷ್ಟಕ ಮಾತ್ರ ಹಳೆಯದೇ ಉಳಿದಿದೆ. 104ನ್ನು 30ರಿಂದ ಭಾಗಿಸಿ ನೋಡಿದೆ. ಸರಿಯಾಗಿ 3.47! ಮೋಸವಲ್ಲ, ಅಜಾಗ್ರತೆ. ತಿದ್ದಿದ ಕೋಷ್ಟಕದಲ್ಲಿ ಅದೇ ಜಾಗದಲ್ಲಿ 3.46 ಎಂದಿತ್ತು. ಆದರೆ ಆ ಇಬ್ಬರನ್ನು ಬಿಟ್ಟದ್ದೇಕೆ, ಹಾಗೆ ಬಿಡುವ ನಿಯಮವನ್ನು ದತ್ತಾಂಶ ನೋಡುವ ಮೊದಲೇ ಹಾಕಿಕೊಂಡಿದ್ದರೇ ಎಂಬುದು ಹೊಸ ಪ್ರತಿಯಲ್ಲೂ ಇರಲಿಲ್ಲ. ಎರಡನೆಯ ವರದಿಯಲ್ಲಿ ಅದೊಂದನ್ನೇ ಕೇಳಿದ್ದೇನೆ.