ಬೊಲೊನ್ಯಾದ ಮಳೆಗಾಲ ಮತ್ತು ಹಾಸ್ಟೆಲಿನ ಸ್ನೇಹ: ನನ್ನ ಅನುಭವ

ಹಾಸ್ಟೆಲಿನಲ್ಲಿ ಸ್ನೇಹ ಬೆಳೆಸಲು ಬಿಸಿಲಿನ ದಿನಕ್ಕಿಂತ ಮಳೆಯ ದಿನವೇ ಮೇಲು, ಮತ್ತು ಇಟಲಿಯಲ್ಲಿ ಅದಕ್ಕೆ ಬೊಲೊನ್ಯಾದಷ್ಟು ಒದಗಿಬರುವ ಊರು ಇನ್ನೊಂದಿಲ್ಲ ಎಂದು ನಾನು ಹೇಳಿದಾಗ, ಬೆನ್ನುಚೀಲ ಹೊತ್ತು ಯುರೋಪು ಸುತ್ತಿ ಬಂದ ನಮ್ಮ ಬಳಗದವರು ಯಾರೂ ಒಪ್ಪಲಿಲ್ಲ. “ಸಾರ್, ಐವತ್ತು ದಾಟಿದ ಮೇಲೆ ಡಾರ್ಮಿಟರಿಯಲ್ಲಿ ನಿಮ್ಮನ್ನು ಯಾರು ಮಾತನಾಡಿಸುತ್ತಾರೆ? ಸುಮ್ಮನೆ ಫ್ಲಾರೆನ್ಸ್, ವೆನಿಸ್ ನೋಡಿಕೊಂಡು ಬನ್ನಿ” ಎಂದು ಕಿರಿಯರೊಬ್ಬರು ನೇರವಾಗಿಯೇ ಹೇಳಿದ್ದರು. ಈಗ ಆ ಊರಿನ ಒಂದೇ ಹಾಸ್ಟೆಲಿನಲ್ಲಿ ಮೂರು ವಾರಗಳ ಹತ್ತಿರ ಇದ್ದು, ಇಂದಿಗೂ ಪತ್ರ ಬರೆಯುವ ಐದಾರು ಗೆಳೆಯರನ್ನು ಸಂಪಾದಿಸಿಕೊಂಡು ಬಂದಿರುವುದರಿಂದ, ಅದು ಹೇಗಾಯಿತೆಂದು ಬರೆಯಬಹುದೆನಿಸಿದೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ಹಿಂದಿನ ಪ್ರವಾಸಗಳಲ್ಲಿ ಎರಡು ರಾತ್ರಿಗೊಂದು ಊರು ಬದಲಿಸುತ್ತಿದ್ದಾಗ, ಪಕ್ಕದ ಹಾಸಿಗೆಯವರ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವರೋ ನಾನೋ ಹೊರಟಿರುತ್ತಿದ್ದೆವು. ಹಾಸ್ಟೆಲಿನವರೇ ಏರ್ಪಡಿಸುವ ರಾತ್ರಿಯ ಪಬ್ ಸುತ್ತಾಟಕ್ಕೆ ಇಪ್ಪತ್ತು ಯೂರೋ ತೆತ್ತು ಎರಡು ಸಲ ಹೋದೆ; ಆ ಸಂಗೀತದ ಅಬ್ಬರದಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ, ಬೆಳಗ್ಗೆ ಯಾರಿಗೂ ಯಾರ ಗುರುತೂ ಉಳಿದಿರಲಿಲ್ಲ. ಹತ್ತು ಯೂರೋ ಉಳಿಯುತ್ತದೆಂದು ಊರ ಹೊರಗಿನ ಹಾಸ್ಟೆಲು ಹಿಡಿದರೆ ಅರ್ಧ ಉಳಿತಾಯವನ್ನು ಬಸ್ಸೇ ನುಂಗಿತು, ಸಂಜೆ ಅಲ್ಲಿಗೆ ಮರಳುವ ಹೊತ್ತಿಗೆ ಅಡುಗೆಮನೆ ಖಾಲಿಯಾಗಿರುತ್ತಿತ್ತು. ಬೊಲೊನ್ಯಾಕ್ಕೇ ಮೊದಲ ಬಾರಿ ವಸಂತದಲ್ಲಿ ಹೋದಾಗ ದೊಡ್ಡದೊಂದು ವ್ಯಾಪಾರ ಮೇಳ ನಡೆದಿತ್ತು. ಮೂವತ್ತು ಯೂರೋ ಆಸುಪಾಸಿನ ಹಾಸಿಗೆಗೆ ಎಂಬತ್ತರವರೆಗೆ ಕೇಳಿದರು, ಕೋಣೆಯಲ್ಲಿದ್ದವರೆಲ್ಲ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಬೆಳಗ್ಗೆ ಹೋಗಿ ರಾತ್ರಿ ಬಂದು ಮಲಗುವ ವ್ಯಾಪಾರಸ್ಥರು. ಆ ಊರಿಗೆ ಹೋಗುವವರು ವಿಮಾನದ ದರಕ್ಕಿಂತ ಮೊದಲು ಮೇಳದ ದಿನಾಂಕಗಳನ್ನು ನೋಡಬೇಕು.

ಎರಡನೆಯ ಬಾರಿ ಅಕ್ಟೋಬರನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿದ್ದವು. 1088ರಲ್ಲಿ ಆರಂಭವಾಯಿತೆಂದು ಹೇಳುವ ಅಲ್ಲಿನ ವಿಶ್ವವಿದ್ಯಾಲಯದ ತರಗತಿಗಳು ಶರತ್ಕಾಲದಲ್ಲಿ ಶುರುವಾಗುತ್ತವೆ. ಬಾಡಿಗೆ ಕೋಣೆಗಳ ಅಭಾವ ತೀವ್ರವಾಗಿರುವುದರಿಂದ ಸಿಸಿಲಿ, ಪುಲಿಯಾ ಮುಂತಾದ ಕಡೆಗಳಿಂದ ಬಂದ ವಿದ್ಯಾರ್ಥಿಗಳು ಕೋಣೆ ಸಿಗುವ ತನಕ ವಾರಗಟ್ಟಲೆ ಹಾಸ್ಟೆಲಿನಲ್ಲೇ ಇರುತ್ತಾರೆ. ನಾಳೆ ಹೊರಟುಹೋಗುವ ಪ್ರವಾಸಿಗಿಂತ ಮುಂದಿನ ವಾರವೂ ಅದೇ ಒಲೆಯ ಮುಂದೆ ನಿಲ್ಲುವ ಹುಡುಗನೊಡನೆ ಸ್ನೇಹ ಬೆಳೆಯುವುದು ಸಹಜವಲ್ಲವೇ? ಇನ್ನೊಂದು ಕಾರಣ ಮಳೆ.

ಬೊಲೊನ್ಯಾದ ಹಲವು ಬೀದಿಗಳ ಬದಿಗೆ ಕಮಾನುಗಳ ಮೇಲೆ ನಿಂತ ಪೋರ್ಟಿಕೊಗಳಿವೆ, ಅಂದರೆ ಕಟ್ಟಡಗಳ ಅಡಿಯಲ್ಲೇ ಹಾದುಹೋಗುವ ಸೂರುಳ್ಳ ಕಾಲುದಾರಿಗಳು. 2021ರಲ್ಲಿ ಇವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಇವುಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ಸರಗೋತ್ಸಾ ಬಾಗಿಲಿನಿಂದ ಗುಡ್ಡದ ಮೇಲಿನ ಸಾನ್ ಲೂಕಾ ದೇವಾಲಯದವರೆಗೆ ಏರುವ, ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆಯಿರುವ, 666 ಕಮಾನುಗಳ ದಾರಿ. 1433ರಲ್ಲಿ ನಿಲ್ಲದೆ ಸುರಿದ ಮಳೆ, ಆ ಗುಡ್ಡದ ಮೇಲಿನ ಯೇಸುವಿನ ತಾಯಿ ಮೇರಿಯ ಚಿತ್ರವನ್ನು ಮೆರವಣಿಗೆಯಲ್ಲಿ ಊರಿಗೆ ತಂದಾಗ ನಿಂತಿತೆಂಬುದು ಅಲ್ಲಿನವರ ನಂಬಿಕೆ. ಆ ಮೆರವಣಿಗೆ ಇಂದಿಗೂ ಪ್ರತಿವರ್ಷ ನಡೆಯುತ್ತದೆ, ಮತ್ತು ಅದರಲ್ಲಿ ನಡೆಯುವವರು ನೆನೆಯಬಾರದೆಂದೇ 1674ರಿಂದ ಈ ಸೂರನ್ನು ಕಟ್ಟುತ್ತ ಹೋದರು.

ನಾನು ಮಾಡಿದ್ದು ಇಷ್ಟೇ. ಮಳೆ ಹಿಡಿದ ಬೆಳಗ್ಗೆ ಹಾಸ್ಟೆಲಿನ ಹಜಾರದ ತುಂಬ ಜನ ಕೈಕಟ್ಟಿ ಕುಳಿತಿರುತ್ತಾರೆ. ಹತ್ತು ಗಂಟೆಯ ಸುಮಾರಿಗೆ ಚೀಲ ಹೆಗಲಿಗೇರಿಸಿ, ಕೊಡೆಯಿಲ್ಲದೆ ಗುಡ್ಡ ಹತ್ತಲು ಹೊರಟಿದ್ದೇನೆ, ಬರುವವರು ಬರಬಹುದು ಎಂದು ಹೇಳುತ್ತಿದ್ದೆ. ಮೊದಲ ದಿನ ಯಾರೂ ಏಳಲಿಲ್ಲ. ಎರಡನೆಯ ಸಲ ಪೋಲೆಂಡಿನ ದಾದಿಯೊಬ್ಬರೂ, ತಾತನ ಇಟಾಲಿಯನ್ ಮೂಲದ ಆಧಾರದ ಮೇಲೆ ಪೌರತ್ವದ ಕಾಗದಪತ್ರಕ್ಕಾಗಿ ಕಾಯುತ್ತಿದ್ದ ಅರ್ಜೆಂಟೀನಾದ ಶಿಕ್ಷಕರೊಬ್ಬರೂ ಎದ್ದು ಬಂದರು. ಹೋಗಿ ಬರಲು ಎರಡೂವರೆ, ಮೂರು ಗಂಟೆ ಹಿಡಿಯುವ ಆ ದಾರಿಯಲ್ಲಿ ಎದುರುಬದುರು ಕುಳಿತ ಬಿಗುಮಾನವಿಲ್ಲ, ಮಾತು ನಿಂತರೆ ಮುಜುಗರವೂ ಇಲ್ಲ; ಮೆಲೊಂಚೆಲ್ಲೊ ಕಮಾನು ದಾಟಿ ಏರು ಶುರುವಾದ ಮೇಲೆ ಏದುಸಿರಿನ ನಡುವೆ ಜನ ತಮ್ಮ ಮನೆಯ ವಿಷಯವನ್ನೆಲ್ಲ ತಾವಾಗಿಯೇ ಹೇಳಿಕೊಳ್ಳುತ್ತಾರೆ. ಆ ವಾರದ ಕೊನೆಗೆ, ಮಳೆ ಬಂದರೆ ನಾನು ಯಾವಾಗ ಹೊರಡುತ್ತೇನೆಂದು ಹುಡುಗರೇ ಬಂದು ಕೇಳತೊಡಗಿದ್ದರು. ಹಜಾರದಲ್ಲಿ ಯಾವ ಮೂಲೆಯಲ್ಲಿ ನಿಂತು, ಯಾರನ್ನು ಮೊದಲು ಕರೆಯಬೇಕೆಂಬುದರಲ್ಲಿ ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆಯ ಕೆಲಸ ಅಡುಗೆಮನೆಯದು. ಮೊದಲು ಸಾರು ಮಾಡಿ ನೋಡಿದೆ. ಇಂಗಿನ ಒಗ್ಗರಣೆಯ ಘಾಟಿಗೆ ಜನ ಕಿಟಕಿ ತೆರೆದರೇ ಹೊರತು ತಟ್ಟೆ ತರಲಿಲ್ಲ. ಚಿತ್ರಾನ್ನ ಗೆದ್ದಿತು. ನಿಂಬೆ, ಅಕ್ಕಿ ಎಲ್ಲೆಡೆ ಸಿಗುತ್ತವೆ, ಸಾಸಿವೆ, ಅರಿಸಿನ, ಕಡಲೆಬೀಜಗಳನ್ನು ಬಾಂಗ್ಲಾದೇಶದವರ ಅಂಗಡಿಯಲ್ಲಿ ಕೊಂಡೆ. ಏಳೆಂಟು ಜನ ಉಣ್ಣುವಷ್ಟಕ್ಕೆ ಆರು ಯೂರೋ ದಾಟಲಿಲ್ಲ. ಮನೆಯಿಂದ ಒಯ್ದ ಚಟ್ನಿಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ಬ್ರೆಡ್ಡಿಗೆ ಹಚ್ಚಿ ಕೊಟ್ಟದ್ದು ಇನ್ನೂ ಹೆಚ್ಚು ಕೆಲಸ ಮಾಡಿತು. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲವಾದ್ದರಿಂದ ತುಪ್ಪ, ಪೇಢೆಗಳ ಆಸೆ ಬೇಡ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಆ ಊರಿನ ಹೂರಣದ ಪಾಸ್ತಾ ತೊರ್ತೆಲ್ಲೀನಿಯ ಒಳಗಿರುವುದು ಹಂದಿಮಾಂಸ, ಅದಕ್ಕಿಂತ ದೊಡ್ಡ ಗಾತ್ರದ ತೊರ್ತೆಲ್ಲೋನಿಯಲ್ಲಿ ಸಾಮಾನ್ಯವಾಗಿ ರಿಕೊತ್ತಾ ಗಿಣ್ಣು (ಚೀಸ್) ಮತ್ತು ಸೊಪ್ಪು ಇರುತ್ತದೆ. ಪಾರ್ಮಿಜಾನೊ ಗಿಣ್ಣಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುವುದರಿಂದ ನಾನು ಅದನ್ನು ಬಿಟ್ಟೆ.

ಜೊತೆಯವರನ್ನು ಊರಿನ ಹಳೆಯ ಗೋಪುರ ಹತ್ತಿಸುವ ಯೋಚನೆಯೂ ಇತ್ತು. ಆದರೆ ವಾಲಿದ ಗರಿಸೆಂಡಾ ಗೋಪುರದ ಸುತ್ತ 2023ರ ಅಕ್ಟೋಬರಿನಿಂದ ಬೇಲಿ ಬಿದ್ದಿದೆ, ಪಕ್ಕದ ಅಸಿನೆಲ್ಲಿಯನ್ನೂ ನಾನು ಹೋದಾಗ ಮುಚ್ಚಿದ್ದರು. ಬದಲಿಗೆ ಪೊದೆಸ್ತಾ ಅರಮನೆಯ ಕೆಳಗಿನ ಕಮಾನಿನಲ್ಲಿ ಒಂದು ಪ್ರಯೋಗ ಮಾಡಿದೆವು. ಅಲ್ಲಿ ಎದುರುಬದುರು ಮೂಲೆಗಳಲ್ಲಿ ಗೋಡೆಗೆ ಮುಖಮಾಡಿ ನಿಂತು ಪಿಸುಗುಟ್ಟಿದರೆ ಮಾತು ಆಚೆ ಮೂಲೆಗೆ ಸ್ಪಷ್ಟವಾಗಿ ಕೇಳಿಸುತ್ತದೆ. ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯ ಬಗ್ಗೆ ನಾನು ಅಲ್ಲೇ ಹೇಳಿದ್ದರಿಂದ, ಸಿಸಿಲಿಯ ಹುಡುಗನೊಬ್ಬ ಈಗ ಕರ್ನಾಟಕಕ್ಕೆ ಬರುವ ಲೆಕ್ಕ ಹಾಕುತ್ತಿದ್ದಾನೆ. ಬಿಸಿಲು ಬಂದ ದಿನ ಸಾನ್ ಪೆತ್ರೋನಿಯೊ ಚರ್ಚಿಗೆ ಹೋಗುತ್ತಿದ್ದೆವು. 1655ರಲ್ಲಿ ಖಗೋಳವಿಜ್ಞಾನಿ ಕಸ್ಸೀನಿ ಅದರ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ, ನಡುಹಗಲಿನ ಗಳಿಗೆ ತೋರುವ ಮಧ್ಯಾಹ್ನರೇಖೆಯನ್ನು ಎಳೆದ. ಚಾವಣಿಯ ಕಿಂಡಿಯಿಂದ ಬೀಳುವ ಬಿಸಿಲಿನ ಬಿಲ್ಲೆ ಆ ರೇಖೆಯನ್ನು ದಾಟುವ ಗಳಿಗೆ ಅಕ್ಟೋಬರಿನಲ್ಲಿ ಒಂದು ಗಂಟೆಯ ಆಸುಪಾಸು. ಅದನ್ನು ಕಾಯುತ್ತ ನಿಂತ ಅಪರಿಚಿತರೂ ನಮ್ಮೊಡನೆ ಮಾತಿಗಿಳಿದರು.

1465ರಿಂದ ನಡೆಯುತ್ತಿರುವ ಓಸ್ತೆರಿಯಾ ದೆಲ್ ಸೋಲೆ ಎಂಬ ಮದ್ಯದಂಗಡಿಯಲ್ಲಿ ಕುಡಿಯುವುದನ್ನು ಮಾತ್ರ ಮಾರುತ್ತಾರೆ, ತಿನ್ನುವುದನ್ನು ನಾವೇ ಒಯ್ಯಬೇಕು. ಪಕ್ಕದ ಮಾರುಕಟ್ಟೆಯಲ್ಲಿ ತಲೆಗೆ ನಾಲ್ಕೈದು ಯೂರೋ ಸೇರಿಸಿ ಹಣ್ಣು, ಬ್ರೆಡ್ಡು, ಗಿಣ್ಣು ಕೊಂಡು ಅಲ್ಲಿ ಕುಳಿತ ಸಂಜೆಯೇ ಹತ್ತಿರದ ಊರಾದ ರವೆನ್ನಾಕ್ಕೆ ಪ್ರವಾಸ ನಿಶ್ಚಯವಾಯಿತು. ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲೆ, ಟಿಕೆಟ್ಟಿಗೆ ಎಂಟೊಂಬತ್ತು ಯೂರೋ. ಆ ರೈಲುಗಳ ದರ ಹೊರಡುವ ದಿನವೂ ಏರುವುದಿಲ್ಲವಾದ್ದರಿಂದ ಕೊನೆಯ ಗಳಿಗೆಯಲ್ಲಿ ಇಬ್ಬರು ಸೇರಿಕೊಂಡದ್ದರಿಂದ ನಷ್ಟವಾಗಲಿಲ್ಲ. ಅಲ್ಲಿನ ಸಾನ್ ವಿತಾಲೆ ಚರ್ಚಿನ ಆರನೆಯ ಶತಮಾನದ ಮೊಸಾಯಿಕ್ ಚಿತ್ರಗಳ ಕೆಳಗೆ ಆ ಅರ್ಜೆಂಟೀನಾದ ಶಿಕ್ಷಕರು ಒಂದು ಗಂಟೆ ಕತ್ತೆತ್ತಿ ನಿಂತಿದ್ದರು.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಎಂಟು ಹಾಸಿಗೆಯ ಕೋಣೆಯಲ್ಲಿ ರಾತ್ರಿಗೆ 32 ಯೂರೋ, ಅದರ ಮೇಲೆ ನಗರ ತೆರಿಗೆ, ಊಟ ಕಾಫಿಗೆ ಹದಿಮೂರು ಹದಿನಾಲ್ಕು. ಕಾಫಿಯನ್ನು ಅಂಗಡಿಯ ಕೌಂಟರಿನ ಬಳಿ ನಿಂತೇ ಕುಡಿದರೆ ಒಂದೂವರೆ ಯೂರೋ ದಾಟುತ್ತಿರಲಿಲ್ಲ. ರೈಲು, ಪ್ರವೇಶ ಶುಲ್ಕ ಸೇರಿ ದಿನಕ್ಕೆ 55 ಯೂರೋ, ಆಗಿನ ದರದಲ್ಲಿ ಐದು ಸಾವಿರ ರೂಪಾಯಿಗಳ ಒಳಗೆ. ನಾಲ್ಕು ಹಾಸಿಗೆಯ ಕೋಣೆಗೂ ಒಂದೆರಡು ದಿನ ಬದಲಾಯಿಸಿ ನೋಡಿದೆ. ಹತ್ತು ಯೂರೋ ಹೆಚ್ಚು, ಮಾತು ಕಡಿಮೆ. ಎಂಟರ ಕೋಣೆಯಲ್ಲಿ ಬಾಗಿಲ ಪಕ್ಕದ ಕೆಳಹಾಸಿಗೆಯನ್ನು ಕೇಳಿ ಪಡೆಯಿರಿ, ಹೋಗಿ ಬರುವವರೆಲ್ಲರೂ ಅಲ್ಲಿ ಒಂದು ನಮಸ್ಕಾರ ಹೇಳಿಯೇ ಹೋಗುತ್ತಾರೆ.